ಗಬಲ್ದೋನ್ ಅವರ ಬಗ್ಗೆ ಮೂರು ಸಲ ಬರೆದೆ: ನನ್ನ ಅನುಭವ

ಬೇರೆ ದೇಶಗಳ ಶಾಸಕರ ಬಗ್ಗೆ ಕನ್ನಡದಲ್ಲಿ ಪರಿಚಯ ಲೇಖನ ಬರೆಯುವ ಕೆಲಸವನ್ನು ಕೆಲವು ವರ್ಷಗಳಿಂದ ಮಾಡುತ್ತಾ ಬಂದಿದ್ದೇನೆ. ಅದರಲ್ಲಿ ನನಗೆ ಅತಿ ಹೆಚ್ಚು ಕಲಿಸಿದವರು, ಫಿಲಿಪೀನ್ಸ್ ಅಮೆರಿಕದ ಆಳ್ವಿಕೆಯಲ್ಲಿದ್ದಾಗ ಅಲ್ಲಿ ಶಾಸಕರಾಗಿದ್ದ ಇಸಾವ್ರೊ ಗಬಲ್ದೋನ್. ಎರಡು ಪುಟದ ಲೇಖನ, ಮೂರು ಸಲ ಬರೆಯಬೇಕಾಯಿತು.

ಮೊದಲ ಕರಡಿನಲ್ಲಿ ಎಲ್ಲ ವಿವರವೂ ಇತ್ತು. 1875ರಲ್ಲಿ ನುಯೆವಾ ಎಸಿಹಾ ಪ್ರಾಂತ್ಯದ ಸಾನ್ ಇಸಿದ್ರೊದಲ್ಲಿ ಜನನ, ಸ್ಪೇನಿನಲ್ಲೂ ಮನಿಲಾದಲ್ಲೂ ಓದು, ವಕೀಲಿ, 1906ರಲ್ಲಿ ಪ್ರಾಂತ್ಯದ ಗವರ್ನರ್, 1907ರಿಂದ 1911ರವರೆಗೆ ಶಾಸನಸಭೆ, ಮತ್ತೆ ಗವರ್ನರ್, ಆಮೇಲೆ ಸೆನೆಟ್, 1920ರಿಂದ 1928ರವರೆಗೆ ವಾಷಿಂಗ್ಟನ್. ನನ್ನ ಬರಹಗಳನ್ನು ಮೊದಲು ಓದುವ ಹಳ್ಳಿ ಶಾಲೆಯ ಮೇಷ್ಟ್ರೊಬ್ಬರಿದ್ದಾರೆ. ಅವರು ಓದಿ ಫೋನ್ ಮಾಡಿದರು. "ಸರ್, ಇವರು ಎಲ್ಲೆಲ್ಲಿ ಇದ್ದರು ಅಂತ ಗೊತ್ತಾಯಿತು. ಏನು ಮಾಡಿದರು ಅಂತ ಎಲ್ಲೂ ಬರಲಿಲ್ಲವಲ್ಲ?" ಅವರ ಮಾತು ಸರಿಯಾಗಿಯೇ ಇತ್ತು. ಹುದ್ದೆಗಳ ಪಟ್ಟಿಯನ್ನು ಬದಿಗಿಟ್ಟು ಅವರು ಮಾಡಿದ ಕಾನೂನು ಹುಡುಕಲು ಕೂತೆ.

ಅದಕ್ಕೂ ಮೊದಲು ಸಭೆಯ ಹೆಸರಿನ ತೊಡಕು ಬಿಡಿಸಬೇಕಿತ್ತು. ನಾನು ಎಲ್ಲ ಕಡೆ 'ಪ್ರತಿನಿಧಿ ಸಭೆ' ಎಂದೇ ಬರೆದಿದ್ದೆ. ಅದು ತಪ್ಪು. 1907ರ ಜುಲೈ 30ರಂದು ಚುನಾವಣೆ ನಡೆದು, ಅಕ್ಟೋಬರ್ 16ರಂದು ಮನಿಲಾದ ಗ್ರ್ಯಾಂಡ್ ಆಪೆರಾ ಹೌಸ್‌ನಲ್ಲಿ ಶುರುವಾದದ್ದು ಫಿಲಿಪೀನ್ ಅಸೆಂಬ್ಲಿ. 29 ವರ್ಷದ ಸೆರ್ಹಿಯೊ ಒಸ್ಮೆನ್ಯಾ ಅದರ ಸ್ಪೀಕರ್. ಕೆಳಮನೆ ಇದು. ಮೇಲ್ಮನೆಯ ಜಾಗದಲ್ಲಿ ಇದ್ದದ್ದು ಅಮೆರಿಕದ ಅಧ್ಯಕ್ಷರು ನೇಮಿಸುತ್ತಿದ್ದ ಫಿಲಿಪೀನ್ ಕಮಿಷನ್. ಅಸೆಂಬ್ಲಿ ಪಾಸು ಮಾಡಿದ ಮಸೂದೆಗೆ ಕಮಿಷನ್ ಒಪ್ಪದಿದ್ದರೆ ಅದು ಕಾನೂನಾಗುತ್ತಿರಲಿಲ್ಲ. 1916ರಲ್ಲಿ ಅಮೆರಿಕದ ಸಂಸತ್ತು ಮಾಡಿದ ಜೋನ್ಸ್ ಕಾಯ್ದೆ ಬಂದ ಮೇಲೆ ಕಮಿಷನ್ ಹೋಗಿ ಸೆನೆಟ್ ಬಂತು, ಅಸೆಂಬ್ಲಿಗೆ ಪ್ರತಿನಿಧಿ ಸಭೆ ಎಂಬ ಹೆಸರು ಬಂತು. ಹಾಗಾಗಿ ಗಬಲ್ದೋನ್ ಕೂತದ್ದು ಅಸೆಂಬ್ಲಿಯಲ್ಲಿ, ಪ್ರತಿನಿಧಿ ಸಭೆಯಲ್ಲಲ್ಲ. ನಮ್ಮಲ್ಲಿ 1881ರಿಂದಲೇ ಬಳಕೆಯಲ್ಲಿದ್ದ 'ಪ್ರಜಾಪ್ರತಿನಿಧಿ ಸಭೆ' ಎಂಬ ಮೈಸೂರಿನ ಪದ ಕಿವಿಗೆ ಬಹಳ ಹಿತವಾಗಿತ್ತು. ಆದರೆ ಆ ಸಭೆ ಅಹವಾಲು ಹೇಳಿಕೊಳ್ಳಲು ಇದ್ದದ್ದು, ಕಾನೂನು ಮಾಡುವ ಅಧಿಕಾರ ಅದಕ್ಕಿರಲಿಲ್ಲ. ಮನಿಲಾದ ಸಭೆಗಿತ್ತು. ಆ ಪದ ಕೈಬಿಟ್ಟು 'ಅಸೆಂಬ್ಲಿ' ಎಂದೇ ಉಳಿಸಿಕೊಂಡೆ.

ವಾಷಿಂಗ್ಟನ್ನಿನ ಎಂಟು ವರ್ಷದ ಬಗ್ಗೆಯೂ ಎಡವಿದ್ದೆ. 'ಅಮೆರಿಕದ ಸಂಸದ' ಎಂದು ಬರೆದುಬಿಟ್ಟಿದ್ದೆ. ಅವರು ರೆಸಿಡೆಂಟ್ ಕಮಿಷನರ್, ಅಂದರೆ ಅಮೆರಿಕದ ಸಂಸತ್ತಿನಲ್ಲಿ ಫಿಲಿಪೀನ್ಸಿನ ಪರವಾಗಿ ಕೂರುವವರು. ಅಲ್ಲಿನ ಕೆಳಮನೆಯಲ್ಲಿ ಮಾತಾಡಬಹುದು, ಮತ ಹಾಕುವಂತಿಲ್ಲ. ತನ್ನ ದೇಶದ ಸ್ವಾತಂತ್ರ್ಯದ ವಿಷಯ ಚರ್ಚೆಗೆ ಬಂದಾಗಲೂ ಮತವಿಲ್ಲದ ಆ ಕುರ್ಚಿಯನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಇನ್ನು ಕಾನೂನು. ಕಾಯ್ದೆ ಸಂಖ್ಯೆ 1801, 1907ರದ್ದು. ಗಬಲ್ದೋನ್ ಮಂಡಿಸಿದ್ದರಿಂದ ಅವರ ಹೆಸರಿನಲ್ಲೇ ಕರೆಯುತ್ತಾರೆ. ಹಳ್ಳಿಗಳಲ್ಲಿ ಶಾಲೆ ಕಟ್ಟಲು ಹತ್ತು ಲಕ್ಷ ಪೆಸೊ. ಮೊತ್ತ ಬರೆದು ಮುಂದೆ ಹೋಗಿಬಿಡುತ್ತಿದ್ದೆನೇನೋ, ಷರತ್ತುಗಳನ್ನು ಓದಿದ ಮೇಲೆ ನಿಂತೆ. ದಿನಕ್ಕೆ 60 ಮಕ್ಕಳಾದರೂ ಬರುವಷ್ಟು ಜನ ಅಲ್ಲಿರಬೇಕು. ಜಾಗ ಮುನಿಸಿಪಾಲಿಟಿಯದ್ದೇ ಆಗಿರಬೇಕು. ಕಟ್ಟಡ ಗಟ್ಟಿ ಸಾಮಗ್ರಿಯದ್ದಾಗಿರಬೇಕು. ಒಂದು ಹಳ್ಳಿಗೆ 4,000 ಪೆಸೊಗಿಂತ ಹೆಚ್ಚು ಬೇಕಾದರೆ, ಮಂಜೂರಾದ ಹಣದ ಕನಿಷ್ಠ ಅರ್ಧದಷ್ಟನ್ನು ಊರೂ ಹಾಕಬೇಕು. ಹಳ್ಳಿಯ ಲೆಕ್ಕಾಚಾರ ಬಲ್ಲವರು ಬರೆದ ಷರತ್ತುಗಳಿವು ಅನ್ನಿಸಿತು. ಗವರ್ನರ್ ಆಗಿ ಬಂದವರಲ್ಲವೇ! ಅವರು ಆ ಹುದ್ದೆಯಲ್ಲಿ ಇದ್ದದ್ದಕ್ಕೂ ಇದಕ್ಕೂ ಇರುವ ನಂಟು ನನಗೆ ಕಂಡದ್ದು ಆಗಲೇ.

ಕಾಯ್ದೆಯಲ್ಲಿರುವ ಪದ 'ಬಾರಿಯೊ'. ಅದನ್ನು 'ಗ್ರಾಮ' ಎಂದು ಬರೆದರೆ ಸ್ವಂತ ಆಡಳಿತವಿರುವ ಊರು ಎಂಬ ಅರ್ಥ ಬರುತ್ತದೆ. ಬಾರಿಯೊ ಎಂದರೆ ಪಟ್ಟಣದ ಆಡಳಿತಕ್ಕೆ ಸೇರಿದ, ಅದರಿಂದ ದೂರ ಇರುವ ಹಳ್ಳಿ. ನಮ್ಮ ಕಡೆ ಮಜರೆ ಅನ್ನುತ್ತೇವಲ್ಲ, ಅದೇ ಹತ್ತಿರದ ಮಾತು. 'ಮಜರೆ ಹಳ್ಳಿಗಳ ಶಾಲೆ' ಎಂದು ಬರೆದ ಕೂಡಲೇ ಪ್ಯಾರಾಕ್ಕೆ ಜೀವ ಬಂತು.

ಆ ಸಭೆಯನ್ನು ಆರಿಸಿದವರು ಯಾರು ಎಂಬುದನ್ನೂ ಸೇರಿಸಿದೆ. 23 ವರ್ಷ ತುಂಬಿದ ಗಂಡಸರು ಮಾತ್ರ. ಅವರಲ್ಲೂ ಇಂಗ್ಲಿಷ್ ಅಥವಾ ಸ್ಪ್ಯಾನಿಷ್ ಓದು ಬರಹ ಬಲ್ಲವರು, ಇಲ್ಲವೇ 500 ಪೆಸೊ ಬೆಲೆಯ ಆಸ್ತಿ ಇದ್ದವರು ಅಥವಾ ವರ್ಷಕ್ಕೆ 30 ಪೆಸೊ ತೆರಿಗೆ ಕಟ್ಟುವವರು, ಇಲ್ಲವೇ ಅಮೆರಿಕಕ್ಕಿಂತ ಮೊದಲು ಸ್ಪೇನ್ ಆಳುತ್ತಿದ್ದ ಕಾಲದಲ್ಲಿ ಊರಿನ ಅಧಿಕಾರ ನೋಡಿಕೊಂಡಿದ್ದವರು. ಇಡೀ ದೇಶದಲ್ಲಿ ಒಟ್ಟು ಮತದಾರರು ಸುಮಾರು ಒಂದು ಲಕ್ಷ. ಮತವಿಲ್ಲದ ಮನೆಗಳ ಮಕ್ಕಳಿಗಾಗಿ ಆ ಸಭೆ ಶಾಲೆ ಕೇಳಿತು ಎಂಬುದು ನನ್ನ ಲೇಖನದ ನಡುಮಧ್ಯಕ್ಕೆ ಬಂದು ಕೂತಿತು. ಇದನ್ನು ಹೊಗಳಿಕೆಗಾಗಿ ಹೇಳುತ್ತಿಲ್ಲ. ಆ ಕಾಯ್ದೆಯನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ಓದದಿದ್ದರೆ ಅದರ ತೂಕ ತಿಳಿಯುವುದಿಲ್ಲ.

ಹೆಸರಿನ ಬಗ್ಗೆ ಒಂದು ಮಾತು. ಇಂಗ್ಲಿಷ್ ಅಕ್ಷರ ನೋಡಿ ನಮ್ಮವರು 'ಗ್ಯಾಬಲ್ಡನ್' ಎಂದು ಓದುತ್ತಾರೆ. ಸ್ಪ್ಯಾನಿಷ್ ಹೆಸರು, ಒತ್ತು ಕೊನೆಯ ಅಕ್ಷರದ ಮೇಲೆ. 'ಗಬಲ್ದೋನ್' ಎಂದು ಬರೆದರೆ ಕನ್ನಡದ ದೀರ್ಘವೇ ಆ ಕೆಲಸ ಮಾಡುತ್ತದೆ. ಪೂರ್ತಿ ಹೆಸರಿನ ಕೊನೆಗೆ ಬರುವ ಗೊನ್ಸಾಲೆಸ್ ತಾಯಿಯ ಮನೆತನದ್ದು. ಅದನ್ನೇ ಅಡ್ಡಹೆಸರು ಎಂದು ತಿಳಿದು ಪಟ್ಟಿಯಲ್ಲಿ ಬೇರೆ ಕಡೆ ಸೇರಿಸಬಾರದು.

ಮೂರನೆಯ ಕರಡಿನ ಕೊನೆಯಲ್ಲಿ ಆ ಹಣದಿಂದ ಕಟ್ಟಿದ ಶಾಲಾ ಕಟ್ಟಡಗಳ ವಿಷಯ ತಂದೆ. ಅಮೆರಿಕದ ವಾಸ್ತುಶಿಲ್ಪಿ ವಿಲಿಯಂ ಪಾರ್ಸನ್ಸ್ ಹಾಕಿಕೊಟ್ಟ ಮಾದರಿ ನಕ್ಷೆಗಳಂತೆ ಕಟ್ಟಿದವು ಅವು. ನೆಲದಿಂದ ಎತ್ತರಿಸಿದ ಕಟ್ಟಡ, ಎತ್ತರದ ಮಾಡು, ತೆಳು ಚಿಪ್ಪನ್ನು ಚೌಕಗಳಲ್ಲಿ ಕೂರಿಸಿದ ಅಗಲದ ಕಿಟಕಿಗಳು. ಅವುಗಳನ್ನು ಕೆಡವದೆ ಉಳಿಸಿಕೊಳ್ಳಬೇಕೆಂದು 2019ರಲ್ಲಿ ಗಬಲ್ದೋನ್ ಹೆಸರಿನಲ್ಲೇ ಇನ್ನೊಂದು ಕಾಯ್ದೆ ಬಂದಿದೆ.

ಆ ಕರಡನ್ನು ಮೇಷ್ಟ್ರಿಗೆ ಕಳಿಸಿದೆ. ಈ ಸಲ ಅವರು ತಿದ್ದುಪಡಿ ಏನೂ ಹೇಳಲಿಲ್ಲ. ಮಕ್ಕಳಿಗೆ ತೋರಿಸಬೇಕು, ಆ ಚಿಪ್ಪಿನ ಕಿಟಕಿಯ ಶಾಲೆಯದ್ದೊಂದು ಚಿತ್ರ ಇದ್ದರೆ ಕಳಿಸಿ ಅಂದರು.