ಡಿಕ್ರಿ ಆದಮೇಲೂ ಮಗಳ ಹಣ ಬರದಿದ್ದಾಗ: ನನ್ನ ಅನುಭವ

ಪರಸ್ಪರ ಒಪ್ಪಿಗೆಯ ವಿಚ್ಛೇದನವಲ್ಲವೇ, ಇನ್ನು ಕೋರ್ಟಿನ ಮೆಟ್ಟಿಲು ಹತ್ತುವ ಕೆಲಸವಿಲ್ಲ ಅಂದುಕೊಂಡಿದ್ದೆ. ಮೈಸೂರಿನಲ್ಲಿ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನ ಅರ್ಜಿ, ಮಧ್ಯಸ್ಥಿಕೆಯಲ್ಲಿ ಬರೆದುಕೊಂಡ ರಾಜಿ ಪತ್ರ, ಅದರಂತೆ ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ತೀರ್ಪು. ಮಗಳ ಖರ್ಚಿಗೆ ಮಾಜಿ ಗಂಡನಿಂದ ತಿಂಗಳಿಗೆ 12,000 ರೂಪಾಯಿ, 5ನೇ ತಾರೀಕಿನೊಳಗೆ ನನ್ನ ಖಾತೆಗೆ. ನನ್ನ ಒಡವೆ ವಾಪಸ್. ಐದು ತಿಂಗಳು ಸರಿಯಾಗಿ ಬಂತು. ಆರನೇ ತಿಂಗಳು 4,000. ಆಮೇಲೆ ಏನೂ ಇಲ್ಲ.

ಮುಂದಿನ ಏಳು ತಿಂಗಳು ಫೋನಿನಲ್ಲೇ ಕಳೆದವು. ಕೇಳಿದರೆ "ಈ ತಿಂಗಳು ಕೈ ಬಿಗಿ", ಗಟ್ಟಿಯಾಗಿ ಕೇಳಿದರೆ "ಏನ್ ಮಾಡ್ಕೋತೀಯೋ ಮಾಡ್ಕೋ". ಅಮ್ಮನಿಗೆ ಸಿಟ್ಟು ಬಂದು "ದುಡ್ಡು ಕೊಡೋವರೆಗೂ ಮಗೂನ ಕಳಿಸ್ಬೇಡ ಕಣೇ" ಅಂದರು. ನನಗೂ ಹಾಗೇ ಅನ್ನಿಸಿತ್ತು. ವಕೀಲರ ಹತ್ತಿರ ಹೇಳಿದ ಕೂಡಲೇ ತಡೆದರು: "ಆ ತಪ್ಪು ಮಾಡ್ಬೇಡಿ ಅಮ್ಮ. ಅಪ್ಪ-ಮಗಳ ಭೇಟಿಯೂ ಅದೇ ಡಿಕ್ರಿಯಲ್ಲಿದೆ. ನಿಲ್ಲಿಸಿದ ದಿನ ಡಿಕ್ರಿ ಮುರಿದವರು ನೀವೂ ಆಗ್ತೀರಿ." ಎರಡನೇ, ನಾಲ್ಕನೇ ಭಾನುವಾರ ಮಗಳನ್ನು ಕಳಿಸುತ್ತಲೇ ಇದ್ದೆ. ಹೊಟ್ಟೆ ಉರಿಯುತ್ತಿತ್ತು, ಆದರೂ ಕಳಿಸಿದೆ. ಮುಂದೆ ಅವರು "ಮಗುವನ್ನು ತೋರಿಸುತ್ತಿಲ್ಲ" ಅಂತ ಆಕ್ಷೇಪಣೆ ಹಾಕಿದಾಗ, ಒಂದೊಂದು ಭಾನುವಾರದ ವಾಟ್ಸಾಪ್ ಮೆಸೇಜನ್ನೂ ತೆಗೆದು ತೋರಿಸಿದೆ. ಆ ಮಾತು ಮತ್ತೆ ಏಳಲಿಲ್ಲ.

ಕೊನೆಗೆ ಅಮಲ್ಜಾರಿ ಅರ್ಜಿ ಹಾಕಿದೆ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿಕೊಡಿ ಅಂತ ಕೇಳುವ ಅರ್ಜಿ. ಕೋರ್ಟಿನಲ್ಲಿ ಎಲ್ಲರೂ ಅದಕ್ಕೆ ಇ.ಪಿ. (ಎಕ್ಸಿಕ್ಯೂಷನ್ ಪಿಟಿಷನ್) ಅನ್ನುತ್ತಾರೆ. ಬೇಕಾದದ್ದು ಡಿಕ್ರಿಯ ದೃಢೀಕೃತ ನಕಲು, ಬ್ಯಾಂಕ್ ಸ್ಟೇಟ್‌ಮೆಂಟ್, ಬಾಕಿಯ ಲೆಕ್ಕ. ಲೆಕ್ಕವನ್ನು ಮಗಳ ನೋಟ್‌ಬುಕ್ಕಿನ ಹಾಳೆಯಲ್ಲಿ ನಾನೇ ಬರೆದೆ: ತಿಂಗಳು, ಬರಬೇಕಾದದ್ದು, ಬಂದದ್ದು, ಉಳಿದದ್ದು. ಕೊನೆಯಲ್ಲಿ 92,000. ವಕೀಲರು ಅದನ್ನೇ ಟೈಪ್ ಮಾಡಿಸಿ ಹಾಕಿದರು. ಜೀವನಾಂಶದ ಆದೇಶವನ್ನು ಹಣದ ಡಿಕ್ರಿಯಂತೆ ಜಾರಿ ಮಾಡಿಸಬಹುದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ, ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಹೇಳಿದೆ.

ನನಗೆ ಬೇಕಿದ್ದದ್ದು ಬಂಧನದ ವಾರಂಟ್. ಅವರ ಮನೆ ಬಾಗಿಲಿಗೆ ಪೊಲೀಸರು ಹೋಗಲಿ ಅನ್ನಿಸಿತ್ತು. ವಕೀಲರು ಸಂಬಳದ ಜಪ್ತಿ ಕೇಳೋಣ ಅಂದರು, ಅವರೇ ಸರಿ. ಜೈಲಿಗೆ ಹೋಗಿ ಕೆಲಸ ಕಳೆದುಕೊಂಡರೆ ಮಗಳ ಸ್ಕೂಲ್ ಫೀಸಿಗೆ ಏನು ಬರುತ್ತದೆ? ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ, ಬೇರೆ ಸಾಲಕ್ಕಾದರೆ ಸಂಬಳದ ದೊಡ್ಡ ಪಾಲನ್ನು ಮುಟ್ಟುವಂತಿಲ್ಲ. ಜೀವನಾಂಶದ ಡಿಕ್ರಿಗೆ ಮಾತ್ರ ಮೂರರಲ್ಲಿ ಒಂದು ಪಾಲಿಗಷ್ಟೇ ರಕ್ಷಣೆ. ಅದೇ ಸಂಹಿತೆಯ 21ನೇ ಆದೇಶದ 48ಎ ನಿಯಮದಂತೆ ಜಪ್ತಿ ಆದೇಶ ನೇರ ಕಂಪನಿಗೇ ಹೋಗುತ್ತದೆ. ಜಪ್ತಿಯ ಪಾಲು ಹಿಡಿಯದೆ ಪೂರ್ತಿ ಸಂಬಳ ಕೊಟ್ಟರೆ ಆ ಹಣಕ್ಕೆ ಕಂಪನಿಯೇ ಹೊಣೆ.

ತೊಡಕು ಏನೆಂದರೆ, ಅವರು ಹಳೇ ಕೆಲಸ ಬಿಟ್ಟಿದ್ದರು, ಹೊಸದು ಎಲ್ಲಿ ಅಂತ ಹೇಳುತ್ತಿರಲಿಲ್ಲ. ಅದೇ 21ನೇ ಆದೇಶದ 41ನೇ ನಿಯಮದಡಿ ಆಸ್ತಿಯ ಅಫಿಡವಿಟ್ (ಪ್ರಮಾಣಪತ್ರ) ಕೇಳಿದೆವು. ಕೊಡದಿದ್ದರೆ ಮೂರು ತಿಂಗಳವರೆಗೆ ಸಿವಿಲ್ ಜೈಲು. ಎರಡು ವಾಯಿದೆ ತಳ್ಳಿದರು, ಮೂರನೆಯದಕ್ಕೆ ಕೊಟ್ಟರು. ಕಂಪನಿಯ ಹೆಸರು ಅವರ ಸಹಿಯ ಕೆಳಗೇ ಸಿಕ್ಕಿತು. ಜಪ್ತಿ ಆದೇಶ ತಲುಪಿದ ಮುಂದಿನ ಸಂಬಳದಿಂದಲೇ ಹಣ ಕೋರ್ಟಿಗೆ ಜಮೆಯಾಯಿತು.

ಒಡವೆ ಬರಲಿಲ್ಲ. ರಾಜಿ ಪತ್ರದಲ್ಲಿ ಅದಕ್ಕೆ ಇದ್ದದ್ದು ಒಂದೇ ಸಾಲು: "2ನೇ ಅರ್ಜಿದಾರರು 1ನೇ ಅರ್ಜಿದಾರಳ ಒಡವೆಗಳನ್ನು ಹಿಂದಿರುಗಿಸತಕ್ಕದ್ದು." ಯಾವ ಒಡವೆ, ಎಷ್ಟು ಗ್ರಾಂ, ಯಾವ ತಾರೀಕಿನೊಳಗೆ, ಒಂದೂ ಇಲ್ಲ. "ಎಲ್ಲಾ ಕೊಟ್ಟಾಗಿದೆ" ಅಂದರು. ಆದೇಶ ಜಾರಿ ಮಾಡಲು ಬರುವ ಕೋರ್ಟಿನ ಅಮೀನರು ಏನಂತ ಹುಡುಕಬೇಕು? ಸಹಿ ಮಾಡುವ ದಿನ ನನಗೆ ಬೇಗ ಮುಗಿದರೆ ಸಾಕಾಗಿತ್ತು. ನೀವು ಸಹಿ ಹಾಕುವ ಮುಂಚೆ ಒಂದೊಂದೇ ಒಡವೆಯನ್ನು ತೂಕದ ಸಮೇತ ಬರೆಸಿ, ಕೊಡದಿದ್ದರೆ ಬದಲಿಗೆ ಎಷ್ಟು ಹಣ ಎಂಬುದನ್ನೂ ಬರೆಸಿ. ಅಮ್ಮ ಮದುವೆಗೆ ಹಾಕಿದ ಅವಲಕ್ಕಿ ಸರ ಇನ್ನೂ ಆ ಮನೆಯಲ್ಲೇ ಇದೆ.