ಅಮೆರಿಕದ ಹಳೆಯ ಬೆಳ್ಳಿ ಚಮಚ, ಫೋರ್ಕ್‌ಗಳನ್ನು ಕೊಳ್ಳುವುದು ಮತ್ತು ಮಾರುವುದು

ಅಮೆರಿಕದ ಹಳೆಯ ಬೆಳ್ಳಿ ಚಮಚವೊಂದು ಕೈಗೆ ಬಂದಾಗ ಮೊದಲು ಅದನ್ನು ಮಗುಚಿ ಹಿಡಿಯ ಹಿಂಬದಿಯನ್ನು ನೋಡಬೇಕು. ಇಂಗ್ಲೆಂಡಿನಲ್ಲಿ ಬೆಳ್ಳಿಯನ್ನು ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿಗಳಿವೆ. ಅಮೆರಿಕದಲ್ಲಿ, 1814ರಿಂದ 1830ರವರೆಗಿನ ಬಾಲ್ಟಿಮೋರ್ ನಗರವನ್ನು ಬಿಟ್ಟರೆ, ಅಂಥ ವ್ಯವಸ್ಥೆ ಬೇರೂರಲಿಲ್ಲವಾದ್ದರಿಂದ ತಯಾರಕ ತಾನೇ ಒತ್ತಿದ ಮುದ್ರೆಯೇ ಮುಖ್ಯ ಸಾಕ್ಷಿ. ‘ಕಾಯಿನ್’ ಎಂದಿದ್ದರೆ ಸುಮಾರು 90% ಬೆಳ್ಳಿ, ‘ಸ್ಟರ್ಲಿಂಗ್’ ಎಂದಿದ್ದರೆ 92.5%. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದ ಚಮಚಗಳಲ್ಲಿ ಎಷ್ಟೋ ಸಲ ಬೆಳ್ಳಿ ಕೆಲಸಗಾರನ ಹೆಸರಷ್ಟೇ ಇರುತ್ತದೆ. ಸಿಂಹ, ಲಂಗರು ಮತ್ತು ‘ಜಿ’ ಅಕ್ಷರ ಸಾಲಾಗಿದ್ದರೆ ಅದು ರೋಡ್ ಐಲೆಂಡ್‌ನ ಪ್ರಾವಿಡೆನ್ಸ್‌ನಲ್ಲಿದ್ದ ಗೊರಹ್ಯಾಮ್ ಕಂಪನಿಯದು.

ಹೊಸಬರು ಎಡವುವುದು ಹೆಚ್ಚಾಗಿ ಅಂಕಿಗಳಲ್ಲಿ. ‘1847 ರಾಜರ್ಸ್ ಬ್ರದರ್ಸ್’ ಎಂಬುದರಲ್ಲಿನ 1847 ಬ್ರ್ಯಾಂಡ್ ಹೆಸರಿನ ಭಾಗ. ಚಮಚ ತಯಾರಾದ ವರ್ಷವಲ್ಲ. ಮೇಲಾಗಿ ಆ ಚಮಚಗಳು ಬೆಳ್ಳಿ ಲೇಪಿಸಿದವು, ಕರಗಿಸಿದರೆ ಸಿಗುವುದು ಅತ್ಯಲ್ಪ. ವಿನ್ಯಾಸಕ್ಕೆ ಪೇಟೆಂಟ್ ಪಡೆದ ವರ್ಷವೂ ಹಾಗೆಯೇ: ಟಿಫಾನಿ ಕಂಪನಿಯ ಕ್ರಿಸಾಂಥಮಮ್ ವಿನ್ಯಾಸ 1880ರದು, ಗೊರಹ್ಯಾಮ್‌ನ ಶಾಂಟಿಲಿ 1895ರದು, ರೀಡ್ ಆ್ಯಂಡ್ ಬಾರ್ಟನ್‌ನ ಫ್ರಾನ್ಸಿಸ್ ಫಸ್ಟ್ 1907ರದು, ಆದರೆ ಇವೆಲ್ಲ ಮುಂದೆ ದಶಕಗಟ್ಟಲೆ ತಯಾರಾಗುತ್ತಲೇ ಇದ್ದವು.

ಮುದ್ರೆಯ ನಂತರ ಸವೆತ. ಫೋರ್ಕಿನ ಹಲ್ಲುಗಳ ತುದಿ ಒಂದೇ ಮಟ್ಟದಲ್ಲಿವೆಯೇ, ಚಮಚದ ಬಟ್ಟಲಿನ ಎಡತುದಿ ಸವೆದು ಓರೆಯಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಹಳೆಯ ಒಡೆಯರ ಹೆಸರಿನ ಅಕ್ಷರಗಳಿದ್ದರೆ ಬೆಲೆ ಸ್ವಲ್ಪ ಇಳಿಯುತ್ತದೆ. ಅವನ್ನು ಉಜ್ಜಿ ತೆಗೆಸಿದರೆ ಆ ಜಾಗ ತೆಳುವಾಗಿ ಇನ್ನಷ್ಟು ಇಳಿಯುತ್ತದೆ, ಹಾಗಾಗಿ ಇದ್ದಂತೆಯೇ ಬಿಡುವುದು ಜಾಣತನ. ಸಾಮಾನ್ಯ ಚಮಚವನ್ನೇ ಕತ್ತರಿಸಿ, ಹಲ್ಲು ಕೊರೆದು ಅಪರೂಪದ ಐಸ್‌ಕ್ರೀಮ್ ಫೋರ್ಕ್ ಎಂದು ಮಾರುವವರೂ ಇದ್ದಾರೆ. ಅಸಲಿ ವಸ್ತುವಿನ ಉದ್ದ ಮತ್ತು ಆಕಾರದೊಂದಿಗೆ ಹೋಲಿಸದೆ ಹಣ ಕೊಡಬಾರದು. ಅಂದಹಾಗೆ, ಸಾರ್ಡೀನ್‌ಗೊಂದು, ಸ್ಟ್ರಾಬೆರಿಗೊಂದು ಎಂದು ಬೇರೆ ಬೇರೆ ಫೋರ್ಕ್ ಮಾಡುವ ಗೀಳು ಎಷ್ಟು ಬೆಳೆದಿತ್ತೆಂದರೆ, 1925ರಲ್ಲಿ ವಾಣಿಜ್ಯ ಕಾರ್ಯದರ್ಶಿಯಾಗಿದ್ದ ಹರ್ಬರ್ಟ್ ಹೂವರ್ ಒಂದು ವಿನ್ಯಾಸಕ್ಕೆ 55 ಬಗೆಯ ವಸ್ತುಗಳು ಸಾಕೆಂದು ಶಿಫಾರಸು ಮಾಡಬೇಕಾಯಿತು. ಆ ವಿಚಿತ್ರ ವಸ್ತುಗಳಿಗೇ ಇಂದು ಸಂಗ್ರಾಹಕರು ಮುಗಿಬೀಳುತ್ತಾರೆ.

ಮಾರುವ ಮುನ್ನ ಕರಗಿಸಿದರೆ ಎಷ್ಟು ಬರುತ್ತದೆ ಎಂಬುದನ್ನು ಲೆಕ್ಕ ಹಾಕಿಟ್ಟುಕೊಳ್ಳಬೇಕು, ಏಕೆಂದರೆ ಅದಕ್ಕಿಂತ ತೀರಾ ಕೆಳಗಿನ ಬೆಲೆಗೆ ಒಪ್ಪಿಕೊಳ್ಳಲು ಕಾರಣವಿಲ್ಲ. 1,000 ಗ್ರಾಂ ಸ್ಟರ್ಲಿಂಗ್‌ನಲ್ಲಿ 925 ಗ್ರಾಂ ಬೆಳ್ಳಿ ಇರುತ್ತದೆ, ಬೆಳ್ಳಿ, ಬಂಗಾರ ತೂಗುವ ಟ್ರಾಯ್ ಔನ್ಸ್ ಒಂದಕ್ಕೆ 31.1 ಗ್ರಾಂ, ಆದ್ದರಿಂದ 31.1ರಿಂದ ಭಾಗಿಸಿದರೆ ಸುಮಾರು 29.7 ಟ್ರಾಯ್ ಔನ್ಸ್. ಸಾಮಾನ್ಯ ಔನ್ಸ್ 28.35 ಗ್ರಾಂ ಆದ್ದರಿಂದ ಕೊಳ್ಳುವವರು ಯಾವ ಔನ್ಸಿನ ಮಾತಾಡುತ್ತಿದ್ದಾರೆಂದು ಕೇಳಿಕೊಳ್ಳಬೇಕು. ಚಾಕುಗಳನ್ನು ಈ ತೂಕಕ್ಕೆ ಸೇರಿಸಬಾರದು: ಅವುಗಳ ಅಲಗು ಸಾಮಾನ್ಯವಾಗಿ ಉಕ್ಕಿನದು, ಟೊಳ್ಳು ಹಿಡಿಯೊಳಗೆ ಅಂಟು ತುಂಬಿರುತ್ತದೆ, ಬೆಳ್ಳಿ ಹೊರಗಿನ ತೆಳು ತಗಡಷ್ಟೇ. ಈ ಅಂಟಿನ ಕಾರಣಕ್ಕೇ ಅವನ್ನು ಬಿಸಿನೀರಿನಲ್ಲಿ ನೆನೆಸಿಡಬಾರದು.

ಶಾಂಟಿಲಿಯಂಥ ಸುಲಭವಾಗಿ ಸಿಗುವ ವಿನ್ಯಾಸವನ್ನು ಎಂಟು ಅಥವಾ ಹನ್ನೆರಡು ಜನರ ಊಟಕ್ಕೆ ಸಾಲುವಷ್ಟು ಸೆಟ್ ಮಾಡಿ ಮಾರುವುದು ಮೇಲು. ಅಪರೂಪದ ಬಡಿಸುವ ಸಟ್ಟುಗ, ಇಕ್ಕಳಗಳನ್ನು ಬಿಡಿಬಿಡಿಯಾಗಿ ಮಾರಬೇಕು. ಚಿತ್ರಗಳಲ್ಲಿ ಮುದ್ರೆ, ತುದಿಗಳು ಮತ್ತು ದೋಷಗಳು ಸ್ಪಷ್ಟವಾಗಿ ಕಾಣಲಿ. ಹೊಳಪು ಬರಲೆಂದು ಯಂತ್ರಕ್ಕೆ ಹಿಡಿದು ಉಜ್ಜಿಸಿದರೆ ಕೆತ್ತನೆಯ ಆಳದಲ್ಲಿರುವ ಕಪ್ಪು ಹೋಗಿ ವಿನ್ಯಾಸ ಮಂಕಾಗುತ್ತದೆ. ಮೃದು ಬಟ್ಟೆಯಿಂದ ಒರೆಸಿದರೆ ಸಾಕು. ಸಾಗಿಸುವಾಗ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಬಾರದು, ಅದರಲ್ಲಿನ ಗಂಧಕ ತಗುಲಿದಲ್ಲಿ ಬೆಳ್ಳಿಯ ಮೇಲೆ ಕಪ್ಪು ಗೆರೆ ಉಳಿಯುತ್ತದೆ.