ಸಿಯಾಟಲ್ ಕಡೆಯ ಹಿಮಕ್ಕೆ ನಾನು ಸ್ಕೀ ಆರಿಸಿಕೊಂಡ ಬಗೆ

ನಮ್ಮ ಗ್ಯಾರೇಜಿನಲ್ಲಿ ಈಗ ನಾಲ್ಕು ಜೊತೆ ಸ್ಕೀ ಇವೆ. ಎರಡು ನನ್ನವು, ಒಂದು ಹೆಂಡತಿಯದು, ಒಂದು ಮಗಳದು. ಊರಿಂದ ಬಂದವರು "ಎಲ್ಲಾ ಉದ್ದನೆ ಹಲಗೆ ತಾನೆ, ಯಾವುದಾದರೇನು?" ಅನ್ನುತ್ತಾರೆ. ಇಲ್ಲೇ ಇರುವ ಗೆಳೆಯರು ಪ್ರತಿ ನವೆಂಬರ್‌ನಲ್ಲಿ ಬೇರೆ ಪ್ರಶ್ನೆ ಕೇಳುತ್ತಾರೆ: ಬಿಗಿನರ್‌ಗೆ ಯಾವುದು ಒಳ್ಳೆಯದು, ಸ್ವಲ್ಪ ಕಲಿತ ಮೇಲೆ ಯಾವುದಕ್ಕೆ ಹೋಗಬೇಕು ಅಂತ. ಲೆವೆಲ್ ಆಮೇಲೆ ನೋಡೋಣ, ನೀವು ಜಾರುವ ಹಿಮ ಯಾವುದು ಹೇಳಿ ಅಂತ ನಾನು ತಿರುಗಿ ಕೇಳುತ್ತೇನೆ.

ಸಿಯಾಟಲ್‌ನವರಿಗೆ ಹತ್ತಿರದ ಸ್ಕೀ ಜಾಗ ಸ್ನೋಕ್ವಾಲ್ಮಿ ಪಾಸ್. ಐ-90 ಹೆದ್ದಾರಿಯಲ್ಲಿ ಸುಮಾರು ಒಂದು ಗಂಟೆ. ಅದರ ಎತ್ತರ 3,000 ಅಡಿ ಚಿಲ್ಲರೆ, ಅಂದರೆ ಹೆಚ್ಚುಕಡಿಮೆ ನಮ್ಮ ಬೆಂಗಳೂರಿನಷ್ಟೇ! ಪೆಸಿಫಿಕ್ ಕಡೆಯಿಂದ ನೀರು ತುಂಬಿಕೊಂಡು ಬಂದ ಮೋಡ ಕ್ಯಾಸ್ಕೇಡ್ ಬೆಟ್ಟಸಾಲಿಗೆ ಬಡಿದು ಸುರಿಯುತ್ತದೆ, ಆಗುಂಬೆಗೆ ಮುಂಗಾರು ಬಡಿದ ಹಾಗೆ. ಸುರಿಯುವುದಕ್ಕೇನೂ ಕೊರತೆ ಇಲ್ಲ. ಇದೇ ವಾಷಿಂಗ್ಟನ್ ರಾಜ್ಯದ ಉತ್ತರದಲ್ಲಿರುವ ಮೌಂಟ್ ಬೇಕರ್ ಸ್ಕೀ ಪ್ರದೇಶದಲ್ಲಿ 1998-99ರ ಒಂದೇ ಚಳಿಗಾಲದಲ್ಲಿ 1,140 ಇಂಚು ಹಿಮ ಬಿದ್ದು ವಿಶ್ವದಾಖಲೆ ಆಯಿತು. ಆದರೆ ಬೀಳುವಾಗ ತಾಪಮಾನ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಇರುವುದರಿಂದ ಹಿಮ ಭಾರ, ಒದ್ದೆ. ಇಲ್ಲಿಯವರು ಇದನ್ನು 'ಕ್ಯಾಸ್ಕೇಡ್ ಕಾಂಕ್ರೀಟ್' ಅಂತ ಕರೆಯುತ್ತಾರೆ. ಜನವರಿಯಲ್ಲೂ ಮಳೆ ಬರುತ್ತದೆ. ರಾತ್ರಿ ಅದು ಹೆಪ್ಪುಗಟ್ಟಿದರೆ ಬೆಳಗ್ಗೆ ಸಿಗುವುದು ಗಾಜಿನಂಥ ಐಸ್.

ಯೂಟಾ ರಾಜ್ಯದ ಆಲ್ಟಾ ಸ್ಕೀ ಪ್ರದೇಶಕ್ಕೆ ಹೋದರೆ ಕಥೆಯೇ ಬೇರೆ. ಮೋಡ ಅಲ್ಲಿಗೆ ತಲುಪುವಷ್ಟರಲ್ಲಿ ದಾರಿಯ ಬೆಟ್ಟಗಳ ಮೇಲೆ ಸಾಕಷ್ಟು ನೀರು ಇಳಿಸಿ ಬಂದಿರುತ್ತದೆ. ಚಳಿಯೂ ಜಾಸ್ತಿ. ಅಲ್ಲಿನ ಹೊಸ ಹಿಮದಲ್ಲಿ ನೀರಿನ ಅಂಶ ಸುಮಾರು 8 ಶೇಕಡಾ, ನಮ್ಮ ಕಡೆ 12ರ ಹತ್ತಿರ. ಕಾಗದದ ಮೇಲೆ ಚಿಕ್ಕ ವ್ಯತ್ಯಾಸ. ಮಧ್ಯಾಹ್ನ ಮೂರು ಗಂಟೆಗೆ ತೊಡೆಗೆ ಗೊತ್ತಾಗುತ್ತದೆ. ನೀವು ನೋಡುವ ಸ್ಕೀ ವಿಡಿಯೋಗಳಲ್ಲಿ ಬಹಳಷ್ಟು ಯೂಟಾ, ಕೊಲರಾಡೋ ಕಡೆಯ ಒಣ ಹಿಮದಲ್ಲಿ ತೆಗೆದವು. ಅಲ್ಲಿ ಹೊಗಳಿದ ಸ್ಕೀ ಇಲ್ಲೂ ಹಾಗೇ ನಡೆಯುತ್ತದೆ ಅಂತ ಹೇಳಲಾಗದು. ಹಾಗಾಗಿ ನಾನೇ ಹೋಲಿಸಿ ನೋಡೋಣ ಅಂತ ಹೊರಟೆ.

ಇಲ್ಲಿನ ಅಂಗಡಿಗಳಲ್ಲಿ ಕೊಳ್ಳುವ ಮುಂಚೆ ಹಾಕಿ ನೋಡಲು ಡೆಮೊ ಸ್ಕೀ ಬಾಡಿಗೆಗೆ ಸಿಗುತ್ತವೆ. ಮಾಮೂಲಿ ಬಾಡಿಗೆಗಿಂತ ಸ್ವಲ್ಪ ದುಬಾರಿ. ಆದರೆ ಒಂದೇ ದಿನದಲ್ಲಿ ಎರಡು ಮೂರು ಜೊತೆ ಬದಲಾಯಿಸಬಹುದು. ಆಮೇಲೆ ಅಲ್ಲೇ ಕೊಂಡರೆ ಬಾಡಿಗೆ ದುಡ್ಡನ್ನು ಬೆಲೆಯಲ್ಲಿ ಮುರಿದುಕೊಳ್ಳುವವರೂ ಇದ್ದಾರೆ. ಬೂಟು ನನ್ನದೇ, ಇಳಿಜಾರು ಒಂದೇ, ಬದಲಾಗುವುದು ಸ್ಕೀ ಮಾತ್ರ. ಮೊದಲ ರನ್, ಅಂದರೆ ಮೇಲಿಂದ ಕೆಳಗೆ ಮೊದಲ ಸಲ ಜಾರಿದ್ದು, ಲೆಕ್ಕಕ್ಕಿಲ್ಲ, ಕಾಲು ಹೊಂದಿಕೊಳ್ಳಲಿ ಅಂತ. ಆಮೇಲೆ ಯಂತ್ರ ಓಡಿಸಿ ಸಮ ಮಾಡಿದ ಜಾಗದಲ್ಲಿ ಒಮ್ಮೆ ಚಿಕ್ಕ ಚಿಕ್ಕ ಟರ್ನ್, ಇನ್ನೊಮ್ಮೆ ಜೋರಾಗಿ ದೊಡ್ಡ ಟರ್ನ್. ಕೊನೆಗೆ ಪಕ್ಕದಲ್ಲಿ ಜನ ಓಡಾಡಿ ಗುಡ್ಡೆ ಗುಡ್ಡೆಯಾದ ಒರಟು ಹಿಮದಲ್ಲಿ ಒಂದು ರನ್. ಮೇಲೆ ಹೋಗುವಾಗ ಲಿಫ್ಟಿನಲ್ಲೇ ಫೋನಿನಲ್ಲಿ ಬರೆದುಕೊಳ್ಳುತ್ತಿದ್ದೆ. ಸಂಜೆಗೆ ಬಿಟ್ಟರೆ ಕೊನೆಗೆ ಹಾಕಿದ್ದೇ ಚೆನ್ನಾಗಿತ್ತು ಅನ್ನಿಸಿಬಿಡುತ್ತದೆ, ಅಷ್ಟು ಹೊತ್ತಿಗೆ ಮೈ ಬಿಸಿಯಾಗಿರುತ್ತದಲ್ಲ.

ಡೆಮೊ ಸ್ಕೀ ಕೈಗೆ ಬಂದ ತಕ್ಷಣ ಉಗುರನ್ನು ಎಡ್ಜ್‌ಗೆ, ಅಂದರೆ ಸ್ಕೀಯ ಅಂಚಿನ ಉಕ್ಕಿನ ಪಟ್ಟಿಗೆ, ಅಡ್ಡವಾಗಿ ಮೆಲ್ಲಗೆ ಎಳೆಯಿರಿ. ಉಗುರಿನ ಬಿಳಿ ಪುಡಿ ಬಂದರೆ ಎಡ್ಜ್ ಹರಿತ ಇದೆ. ಬರದಿದ್ದರೆ ಬೇರೆ ಜೊತೆ ಕೇಳಿ. ಮೊಂಡಾದ ಎಡ್ಜ್ ಇಟ್ಟುಕೊಂಡು ಐಸ್ ಮೇಲೆ ಯಾವ ಸ್ಕೀ ಹೋಲಿಸಿದರೂ ಅದಕ್ಕೆ ಅರ್ಥವಿಲ್ಲ. ಇನ್ನೊಂದು, ಯಾರ ಬೂಟಿಗಾದರೂ ಹೊಂದಲಿ ಅಂತ ಡೆಮೊ ಸ್ಕೀಯ ಬೈಂಡಿಂಗ್‌ಗೆ (ಬೂಟನ್ನು ಸ್ಕೀಗೆ ಕಚ್ಚಿಸುವ ಭಾಗ) ಹಿಂದೆಮುಂದೆ ಸರಿಯುವ ಕಂಬಿ ಇರುತ್ತದೆ. ಅದರಿಂದ ತೂಕ ಸ್ವಲ್ಪ ಜಾಸ್ತಿ. ಕೊಂಡ ಮೇಲೆ ಅದೇ ಸ್ಕೀ ಹಗುರ ಅನ್ನಿಸಿದರೆ ಅಚ್ಚರಿ ಬೇಡ.

ಸ್ಕೀ ಮೇಲೆ 121-74-106 ಅಂತ ಮೂರು ಅಂಕಿ ಬರೆದಿರುತ್ತಾರೆ. ಮುಂದಿನ ತುದಿ, ನಡು, ಹಿಂದಿನ ತುದಿಯ ಅಗಲ, ಮಿಲಿಮೀಟರಿನಲ್ಲಿ. ಮೊದಲು ನೋಡಬೇಕಾದ್ದು ನಡುವಿನ ಅಂಕಿ. 65ರಿಂದ 80 ಇದ್ದರೆ ಗಟ್ಟಿ ಹಿಮಕ್ಕೆ, 80ರಿಂದ 100 ಎಲ್ಲಾ ಕಡೆಗೆ, 105ರ ಮೇಲೆ ಆಳದ ಹೊಸ ಹಿಮಕ್ಕೆ. ಇದು ಅಂದಾಜು ಲೆಕ್ಕ ಅಷ್ಟೇ. ಗಟ್ಟಿ ಹಿಮದಲ್ಲಿ ಕಿರಿದಾದ ಸ್ಕೀ ಯಾಕೆ ಒಳ್ಳೆಯದು? ಟರ್ನ್ ಮಾಡುವಾಗ ನಿಮ್ಮ ಭಾರ ಎಲ್ಲಾ ಒಂದು ಕಡೆಯ ಎಡ್ಜ್ ಮೇಲೆ ನಿಲ್ಲುತ್ತದೆ. ಸ್ಕೀ ಕಿರಿದಾದಷ್ಟೂ ಆ ಎಡ್ಜ್ ಪಾದದ ನಡುವಿಗೆ ಹತ್ತಿರ ಇರುತ್ತದೆ. ಅಗಲವಾದರೆ ಅದು ದೂರ ಹೋಗುತ್ತದೆ. ಅದನ್ನು ಐಸ್ ಮೇಲೆ ಮಲಗಿಸಿ ಹಿಡಿದಿಡಲು ಕಣಕಾಲು, ಮಂಡಿ ಜಾಸ್ತಿ ದುಡಿಯಬೇಕು. ಮಂಡಿ ನೋವು ಇರುವವರು "ಯಾವತ್ತೋ ಪೌಡರ್ (ಪುಡಿಯಂಥ ಹೊಸ ಹಿಮ) ಸಿಗಬಹುದು" ಅಂತ 110ರ ಸ್ಕೀ ಕೊಂಡು ವರ್ಷವಿಡೀ ಗಟ್ಟಿ ಹಿಮದ ಮೇಲೆ ಒದ್ದಾಡುವುದನ್ನು ನೋಡಿದ್ದೇನೆ.

ಎರಡನೆಯದು ಆಕಾರ. ಹಳೇ ಸ್ಕೀ ನೇರವಾಗಿ, ಎರಡು ಮೀಟರ್ ಉದ್ದ ಇರುತ್ತಿದ್ದವು. 1990ರ ದಶಕದ ಶುರುವಿನಲ್ಲಿ ಸ್ಲೊವೇನಿಯಾದ ಎಲಾನ್ ಕಂಪನಿ ಎಸ್‌ಸಿಎಕ್ಸ್ ಅನ್ನುವ, ನಡು ಸಣ್ಣಗಿರುವ ಸ್ಕೀ ತಂದಮೇಲೆ ಎಲ್ಲರೂ ಆ ಕಡೆ ತಿರುಗಿದರು. ಓರೆ ಮಾಡಿದರೆ ಸಾಕು, ಸ್ಕೀ ತಾನೇ ಬಾಗಿ ತಿರುಗುತ್ತದೆ. ಎಷ್ಟು ಚಿಕ್ಕ ಸುತ್ತಿನಲ್ಲಿ ತಿರುಗುತ್ತದೆ ಅನ್ನುವುದೇ ರೇಡಿಯಸ್. 12-14 ಮೀಟರ್ ಅಂದರೆ ಚಿಕ್ಕ ಟರ್ನ್, 18ರ ಮೇಲೆ ಅಂದರೆ ಉದ್ದನೆಯ ಟರ್ನ್. ಆಮೇಲೆ 2000ರ ದಶಕದಲ್ಲಿ ಶೇನ್ ಮೆಕಾಂಕಿ ಅನ್ನುವ ಸ್ಕೀಯರ್ ನೀರಿನ ಮೇಲೆ ಜಾರುವ ಸ್ಕೀಯಿಂದ ಉಪಾಯ ತೆಗೆದು, ತುದಿಗಳು ಮೇಲಕ್ಕೆ ಬಾಗಿದ 'ಸ್ಪ್ಯಾಚುಲಾ' ಮಾಡಿಸಿದ. ಅಲ್ಲಿಂದ ಬಂದದ್ದು ರಾಕರ್. ತುದಿ ಬೇಗ ಮೇಲೇಳುವುದರಿಂದ ಆಳದ ಹಿಮದಲ್ಲಿ ಸ್ಕೀ ಮುಳುಗುವುದಿಲ್ಲ. ಇದಕ್ಕೆ ಎದುರು ಕ್ಯಾಂಬರ್: ಸ್ಕೀಯನ್ನು ನೆಲದ ಮೇಲಿಟ್ಟರೆ ನಡುಭಾಗ ಸ್ವಲ್ಪ ಎದ್ದಿರುತ್ತದೆ, ನಿಂತಾಗ ಒತ್ತಿಕೊಂಡು ಉದ್ದಕ್ಕೂ ಹಿಡಿತ ಕೊಡುತ್ತದೆ. ಇವತ್ತಿನ ಬಹುಪಾಲು ಸ್ಕೀಗಳಲ್ಲಿ ಎರಡೂ ಬೆರೆತಿರುತ್ತವೆ. ತುದಿಯಲ್ಲಿ ರಾಕರ್, ಕಾಲಡಿಯಲ್ಲಿ ಕ್ಯಾಂಬರ್. ರಾಕರ್ ಜಾಸ್ತಿ ಇದ್ದಷ್ಟೂ ನೆಲ ಮುಟ್ಟುವ ಉದ್ದ ಕಮ್ಮಿ. ಅಂಥದ್ದನ್ನು ಐದು ಸೆಂಟಿಮೀಟರ್ ಹೆಚ್ಚು ಉದ್ದ ತೆಗೆದುಕೊಂಡರೂ ತೊಂದರೆ ಇಲ್ಲ.

ಈಗ ಒದ್ದೆ ಹಿಮದ ವಿಷಯ. ಹೋಲಿಕೆಯಲ್ಲಿ ನನಗೆ ಸಿಕ್ಕ ದೊಡ್ಡ ಪಾಠ ಇಲ್ಲೇ ಇದೆ. ಹೊಸ ಹಿಮ ಬಿದ್ದರೆ ಅಗಲವಾದ ಸ್ಕೀ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಸ್ನೋಕ್ವಾಲ್ಮಿಯ ಭಾರದ ಹಿಮ ತಾನೇ ನಿಮ್ಮನ್ನು ಎತ್ತಿ ಹಿಡಿಯುತ್ತದೆ. ಅಲ್ಲಿ ಮುಳುಗುವ ಚಿಂತೆ ಕಮ್ಮಿ, ಎಳೆದಾಟದ್ದೇ ಜಾಸ್ತಿ. ಬೆಳಗ್ಗೆ ಹತ್ತೂವರೆಗೆಲ್ಲ ಜನ ತುಳಿದು ಹಿಮ ಗಡ್ಡೆಗಡ್ಡೆಯಾಗಿರುತ್ತದೆ. ಆ ಗಡ್ಡೆಗೆ ಬಡಿದಾಗ ಲೋಹ ಇಲ್ಲದ ಹಗುರ ಸ್ಕೀಯ ತುದಿ ಅತ್ತಿತ್ತ ಹೊಯ್ದಾಡಿತು. ಅಷ್ಟೇ ಅಗಲದ, ಒಳಗೆ ಟೈಟನಾಲ್ ಹಾಳೆ ಇದ್ದ ಸ್ಕೀ ಸೀಳಿಕೊಂಡು ಹೋಯಿತು. ಟೈಟನಾಲ್ ಅಂದರೆ ಅಲ್ಯೂಮಿನಿಯಂ ಮಿಶ್ರಲೋಹ. ಮರದ ತಿರುಳಿನ ಮೇಲೂ ಕೆಳಗೂ ಅದರ ತೆಳು ಹಾಳೆ ಹಾಕುತ್ತಾರೆ. ನಡುಕ ಕಮ್ಮಿಯಾಗುತ್ತದೆ, ತೂಕ ಜಾಸ್ತಿಯಾಗುತ್ತದೆ. ನಾರ್ಡಿಕಾ ಎನ್‌ಫೋರ್ಸರ್ 100 ಈ ಗುಂಪಿಗೆ ಸೇರಿದ್ದು. ಅಟಾಮಿಕ್ ಬೆಂಟ್ 100 ಲೋಹ ಇಲ್ಲದ ಗುಂಪಿನದು. ಎರಡರ ನಡು ಅಗಲವೂ 100. ಅಂಕಿ ಒಂದೇ ಆದರೂ ಕಾಲಡಿಯಲ್ಲಿ ಎರಡೂ ಬೇರೆ ಬೇರೆ. ಎರಡನೆಯ ಥರದ ಸ್ಕೀ ಮರಗಳ ನಡುವೆ ನುಗ್ಗಲು, ಹಾರಲು, ಆಟ ಆಡಲು ಮಜಾ. ಯೂಟಾದ ಒಣ ಹಿಮಕ್ಕೆ ನಾನು ಅದನ್ನೇ ತೆಗೆದುಕೊಳ್ಳುತ್ತೇನೆ. ಇಲ್ಲಿಗೆ ನಾನು ಇಟ್ಟುಕೊಂಡದ್ದು 98 ಅಗಲದ, ಲೋಹದ ಹಾಳೆ ಇರುವ ಒಂದು ಜೊತೆ. ಮಳೆ ಬಂದು ಹೆಪ್ಪುಗಟ್ಟಿದ ದಿನಗಳಿಗೆ, ದೀಪದ ಬೆಳಕಿನಲ್ಲಿ ರಾತ್ರಿ ಜಾರುವುದಕ್ಕೆ, 76ರ ಇನ್ನೊಂದು ಜೊತೆ. ಒಂದೇ ಜೊತೆ ಕೊಳ್ಳುವ ಹಾಗಿದ್ದರೆ 88-90ರ ಸುತ್ತ ನೋಡಿ, ಬೇರೆ ಯೋಚನೆ ಬೇಡ.

ಲೆವೆಲ್‌ಗೆ ಬರೋಣ. ನನ್ನ ಹೆಂಡತಿ ಹಸಿರು ಗುರುತಿನ ಸುಲಭ ದಾರಿ ಮುಗಿಸಿ ನಡುಮಟ್ಟದ ನೀಲಿಗೆ ಬಂದವಳು. ಜೋರಾಗಿ ಹೋಗುವ ಆಸೆ ಇಲ್ಲ. ಕೆಳಗಿನ ಅಂಗಡಿಯ ಹಾಟ್ ಚಾಕೊಲೇಟ್ ತನಕ ಬೀಳದೆ ತಲುಪಿದರೆ ಸಾಕು ಅನ್ನುತ್ತಾಳೆ. ನಿಧಾನವಾಗಿ ಹೋಗುವವರಿಗೆ ಮೆತ್ತನೆಯ ಸ್ಕೀ ಬೇಕು. ಯಾಕೆಂದರೆ ಗಡುಸಾದ ಸ್ಕೀ ಬಾಗಬೇಕಾದರೆ ವೇಗದ ಒತ್ತಡ ಬೇಕು. ಅದು ಬಾಗದಿದ್ದರೆ ತಿರುಗುವುದಿಲ್ಲ. ತಿರುಗದಿದ್ದರೆ ಕಲಿಯುವವರು ಹೆದರಿ ಹಿಂದಕ್ಕೆ ವಾಲುತ್ತಾರೆ. ಆಗಂತೂ ಕತೆ ಮುಗಿಯಿತು. ಅವಳದು 80 ಅಗಲ, 13 ಮೀಟರ್ ರೇಡಿಯಸ್, ಉದ್ದ ಗಲ್ಲದಿಂದ ಸ್ವಲ್ಪ ಮೇಲೆ. ಹೊಸಬರಿಗೆ ಗಲ್ಲದವರೆಗೆ, ನಡುಮಟ್ಟದವರಿಗೆ ಮೂಗಿನವರೆಗೆ, ಚೆನ್ನಾಗಿ ಬಲ್ಲವರಿಗೆ ತಲೆಯಷ್ಟು ಅಂತ ಉದ್ದದ ಲೆಕ್ಕ. ಅಂಗಡಿಯಲ್ಲಿ 'ಎಕ್ಸ್‌ಪರ್ಟ್' ಅಂತ ಬರೆದದ್ದು ಅಂದರೆ ಹೆಚ್ಚು ಒಳ್ಳೆಯ ಮಾಲು ಅಂತ ಅರ್ಥವಲ್ಲ. ಹೆಚ್ಚು ವೇಗಕ್ಕೆ ಮಾಡಿದ್ದು ಅಂತ.

ಈ ಎತ್ತರದ ಲೆಕ್ಕದಲ್ಲಿ ತೂಕ ಮರೆತುಹೋಗುತ್ತದೆ. ನನ್ನ ಭಾಮೈದ ಒಮ್ಮೆ ವ್ಯಾಂಕೂವರಿನಿಂದ ಬಂದಿದ್ದ. ದಾವಣಗೆರೆ ಬೆಣ್ಣೆ ತಿಂದು ಬೆಳೆದ ಮೈ, 95 ಕಿಲೋ. ಹೊಸಬ ಅಂತ ನೋಡಿ ಬಾಡಿಗೆ ಅಂಗಡಿಯವರು ತೀರಾ ಮೆತ್ತನೆಯ, ಗಿಡ್ಡ ಸ್ಕೀ ಕೊಟ್ಟರು. ಎರಡು ರನ್ ಆದಮೇಲೆ ಅವನ ಗೋಳು ಶುರುವಾಯಿತು.

"ಭಾವ, ಇದು ನನ್ ಮಾತೇ ಕೇಳ್ತಿಲ್ಲ. ಮುಂದುಗಡೆ ಸುಮ್ನೆ ಅಲ್ಲಾಡ್ತಾ ಇದೆ."

"ನಿನ್ ತಪ್ಪಲ್ಲ ಕಣೋ, ನಿನ್ನ ತೂಕಕ್ಕೆ ಅದು ಸಾಲ್ತಾ ಇಲ್ಲ. ಬಾ, ಬದಲಾಯಿಸೋಣ."

ಹತ್ತು ಸೆಂಟಿಮೀಟರ್ ಹೆಚ್ಚು ಉದ್ದದ, ಒಂದು ಮಟ್ಟ ಗಡುಸಾದ ಜೊತೆ ಹಾಕಿದ ಮೇಲೆ ಅದೇ ದಾರಿಯಲ್ಲಿ ಅವನು ನಿಂತು ತಿರುಗತೊಡಗಿದ. ಹೊಸಬನೇ ಆದರೂ ಸ್ಕೀ ಬಾಗುವುದು ಮೈಭಾರಕ್ಕೆ ತಾನೆ. ತದ್ವಿರುದ್ಧವಾಗಿ 50 ಕಿಲೋದ ಪಳಗಿದ ಹುಡುಗಿಗೆ ಎರಡು ಲೋಹದ ಹಾಳೆಯ ಸ್ಕೀ ಕಬ್ಬಿಣದ ತುಂಡು ಅನ್ನಿಸಬಹುದು.

ಮಕ್ಕಳ ವಿಷಯದಲ್ಲಿ ಹೆಚ್ಚು ಯೋಚಿಸಬೇಡಿ. ಎದೆಯಿಂದ ಗಲ್ಲದ ನಡುವೆ ಬರುವ, ಮೆತ್ತನೆಯದು ಸಾಕು. ಇಡೀ ಸೀಸನ್‌ಗೆ ಸ್ಕೀ, ಬೂಟು ಎರಡನ್ನೂ ಲೀಸ್ ಕೊಡುವ ಅಂಗಡಿಗಳಿವೆ. ವಸಂತದಲ್ಲಿ ವಾಪಸ್ ಕೊಟ್ಟರಾಯಿತು. ಮುಂದಿನ ವರ್ಷಕ್ಕೂ ಆಗಲಿ ಅಂತ ದೊಡ್ಡ ಅಳತೆ ತೆಗೆಯುವ ನಮ್ಮ ಮನೆಗಳ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಗುಲ್ಮಾರ್ಗ್‌ಗೆ ಹೋಗುವವರೂ ಕೇಳುತ್ತಾರೆ. ಅಲ್ಲಿ ಕಲಿಯುವ ಜಾಗ ಕೆಳಗೆ, ಊರಿನ ಪಕ್ಕದ ಹುಲ್ಲುಗಾವಲಿನ ಇಳಿಜಾರುಗಳಲ್ಲಿ. ಅದಕ್ಕೆ ಬಾಡಿಗೆಯ ಕಿರಿದಾದ, ಮೆತ್ತನೆಯ ಸ್ಕೀ ಸಾಕು. ಗೊಂಡೋಲಾದ (ಕೇಬಲ್ ಕಾರ್) ಎರಡನೇ ಹಂತ ಹತ್ತಿ ಅಫರ್ವಟ್ ಬೆಟ್ಟದ ಕಡೆ ಹೋದರೆ ಸುಮಾರು 3,950 ಮೀಟರ್ ಎತ್ತರ, ಅಲ್ಲಿಂದ ಕೆಳಕ್ಕೆ ಬಹುಪಾಲು ಯಂತ್ರ ಓಡಿಸಿ ಸಮ ಮಾಡದ ಹಿಮ. ಅಲ್ಲಿಗೆ 105ರ ಮೇಲಿನದು ಬೇಕು. ಅದರ ಜೊತೆಗೆ ಹಿಮಕುಸಿತದ ತಿಳಿವಳಿಕೆ, ಹಿಮದಡಿ ಸಿಕ್ಕಿಕೊಂಡವರನ್ನು ಹುಡುಕಲು ನೆರವಾಗುವ ಬೀಕನ್, ಗೈಡ್ ಬೇಕು.

ದುಡ್ಡು ಮಿತವಾಗಿದ್ದರೆ ಮೊದಲು ಬೂಟಿಗೆ ಹಾಕಿ. ಸ್ಕೀ ಬಾಡಿಗೆಯದಾದರೂ ನಡೆಯುತ್ತದೆ. ಬೂಟಿನೊಳಗೆ ಹಿಮ್ಮಡಿ ಎದ್ದರೆ ಯಾವ ಸ್ಕೀಯೂ ಮಾತು ಕೇಳುವುದಿಲ್ಲ. ಬೈಂಡಿಂಗ್ ಎಷ್ಟು ಬಲಕ್ಕೆ ಬಿಚ್ಚಿಕೊಳ್ಳಬೇಕು ಅನ್ನುವ ಡಿನ್ ಅಂಕಿಯನ್ನು ಅಂಗಡಿಯವರೇ ಹಾಕಲಿ. ಎತ್ತರ, ತೂಕ, ವಯಸ್ಸು, ಬೂಟಿನ ಅಡಿ ಉದ್ದ, ಜೊತೆಗೆ ನೀವು ಯಾವ ಥರದ ಸ್ಕೀಯರ್ ಅನ್ನುವುದನ್ನು ನೋಡಿ ಲೆಕ್ಕ ಹಾಕುತ್ತಾರೆ. ಫಾರ್ಮಿನಲ್ಲಿ ಜಂಬಕ್ಕೆ ಮೂರನೇ ಗುಂಪು, ಅಂದರೆ ಜೋರಾಗಿ ಜಾರುವವರು, ಅಂತ ಗುರುತು ಹಾಕಬೇಡಿ. ಬಿದ್ದಾಗ ಸ್ಕೀ ಬಿಚ್ಚಿಕೊಳ್ಳದೆ ಮಂಡಿ ತಿರುಚಿಕೊಳ್ಳಬಹುದು.

ಕೊಳ್ಳಲು ಒಳ್ಳೆಯ ಕಾಲ ಏಪ್ರಿಲ್. ಅಂಗಡಿಗಳು ಡೆಮೊ ಸ್ಕೀಗಳನ್ನು ಕಮ್ಮಿ ಬೆಲೆಗೆ ಮಾರುತ್ತವೆ. ಎಡ್ಜ್ ಎಲ್ಲಾದರೂ ಬಿರುಕು ಬಿಟ್ಟಿದೆಯೇ, ಅಡಿಭಾಗದ ಗೀರು ಒಳಗಿನ ಮರ ಕಾಣುವಷ್ಟು ಆಳ ಇದೆಯೇ ಅಂತ ಬೆರಳಾಡಿಸಿ ನೋಡಿ. ಮೇಲ್ಮೈ ಮೇಲಿನ ಗೀರುಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಬೇರೆಯವರಿಂದ ಹಳೇ ಸ್ಕೀ ಕೊಳ್ಳುವುದಾದರೆ ಬೈಂಡಿಂಗ್‌ನ ಮಾಡೆಲ್ ಹೆಸರು ಬರೆದುಕೊಂಡು ಅಂಗಡಿಗೆ ಫೋನ್ ಮಾಡಿ ಕೇಳಿ. ತಾವು ಇನ್ನೂ ಹೊಣೆ ಹೊರುವ ಬೈಂಡಿಂಗ್‌ಗಳ ಪಟ್ಟಿಯನ್ನು ತಯಾರಕರು ಪ್ರತಿ ವರ್ಷ ಕೊಡುತ್ತಾರೆ. ಅದರಲ್ಲಿ ಹೆಸರಿಲ್ಲದಿದ್ದರೆ ಅಂಗಡಿಯವರು ಸಾಮಾನ್ಯವಾಗಿ ಅದನ್ನು ಮುಟ್ಟುವುದಿಲ್ಲ. ಆಗ ಅಗ್ಗಕ್ಕೆ ಸಿಕ್ಕ ಸ್ಕೀಗೆ ಹೊಸ ಬೈಂಡಿಂಗ್ ಹಾಕಿಸುವ ಖರ್ಚೇ ಸ್ಕೀ ಬೆಲೆಗಿಂತ ಜಾಸ್ತಿ ಆಗಬಹುದು.